ಚರ್ಚಿಗೆ ಹೇಳಿ ಮಾಡಿಸುವ ಡಿಜಿಟಲ್ ಆರ್ಗನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಚರ್ಚಿಗೆ ಡಿಜಿಟಲ್ ಆರ್ಗನ್, ಅಂದರೆ ಕೊಳವೆ ಆರ್ಗನ್ನಿನ ದನಿಯನ್ನು ಸ್ಪೀಕರಿನಿಂದ ಕೊಡುವ ವಾದ್ಯ, ಕೊಳ್ಳುವ ವಿಚಾರವಾಗಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ಸಂಗತಿಯನ್ನು ಇಬ್ಬರು ಮೂವರು ಕೇಳಿದ್ದ ಕಡೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಚರ್ಚಿನಲ್ಲಿ 300 ಜನ ಕೂರಬಹುದು. ಒಳಗೆ 25 ಮೀಟರ್ ಉದ್ದ, 12 ಮೀಟರ್ ಅಗಲ, 8 ಮೀಟರ್ ಎತ್ತರ. ಸದ್ಯ ಒಂದು ಕೀಬೋರ್ಡನ್ನು ಮೈಕ್‌ಸೆಟ್ಟಿನ ಮಿಕ್ಸರಿಗೆ ಜೋಡಿಸಿ ನುಡಿಸುತ್ತಿದ್ದೇವೆ. ಉದ್ದನೆಯ ಸ್ವರ ಹಿಡಿದಾಗ ದನಿ ಒಮ್ಮೊಮ್ಮೆ ತಾನಾಗಿ ಸಣ್ಣಗಾಗುತ್ತದೆ. ಆರ್ಗನ್ ಮಾಡಿಸಬೇಕೆಂದು ಸಭೆ ತೀರ್ಮಾನಿಸಿದೆ. ಅದರಲ್ಲಿ ‘ಹೇಳಿ ಮಾಡಿಸುವುದು’ ಅಂದರೆ ಏನು? ಅಂಗಡಿಯಲ್ಲಿ ಸಿಗುವುದು ಸಾಲದೇ?
ಪಾಲನಾ ಸಮಿತಿಯ ಸದಸ್ಯರು, ಧಾರವಾಡ

ಉತ್ತರ: ಮೊದಲು ಆ ಸಣ್ಣಗಾಗುವ ದನಿಯ ವಿಚಾರ. ನಿಮ್ಮ ಮಿಕ್ಸರಿನಲ್ಲಿ ಫೀಡ್‌ಬ್ಯಾಕ್ ತಡೆಯುವ ಸೌಲಭ್ಯ ಬಹುಶಃ ಚಾಲೂ ಇದೆ. ಮೈಕು ಕೂಗಿಕೊಂಡಾಗ ಬರುವ ಶಬ್ದಕ್ಕೂ ಆರ್ಗನ್ನಿನ ಉದ್ದನೆಯ ಸ್ವರಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯದು. ಒಂದೇ ಸ್ವರ ಎರಡು ಮೂರು ಸೆಕೆಂಡ್ ನಿಂತರೆ ‘ಇದು ಕೂಗು’ ಅಂದುಕೊಂಡು ಆ ಸ್ವರವನ್ನೇ ಕತ್ತರಿಸುತ್ತದೆ. ಕೀಬೋರ್ಡಿನ ಚಾನೆಲ್ಲಿಗೆ ಅದನ್ನು ಇಂದೇ ಆಫ್ ಮಾಡಿ. ಹೊಸ ಆರ್ಗನ್ ಬಂದ ಮೇಲಂತೂ ಅದನ್ನು ಮೈಕ್‌ಸೆಟ್ಟಿಗೆ ಸೇರಿಸಲೇಬೇಡಿ. ಅದಕ್ಕೆ ಅದರದೇ ಆಂಪ್ಲಿಫೈಯರ್, ಅದರದೇ ಸ್ಪೀಕರ್ ಇರಬೇಕು.

ಹೇಳಿ ಮಾಡಿಸುವುದು ಮೂರು ಬಾಬತ್ತು. ಒಂದು ಕನ್ಸೋಲ್, ಅಂದರೆ ಕೀಗಳು, ಪೆಡಲುಗಳು, ಸ್ಟಾಪ್ ಗುಬ್ಬಿಗಳಿರುವ ಮರದ ಕಟ್ಟು. ಇನ್ನೊಂದು ಸ್ಟಾಪ್‌ಗಳ ಪಟ್ಟಿ, ಎಂದರೆ ಯಾವ ಯಾವ ಬಗೆಯ ಕೊಳವೆಗಳ ದನಿ ಬೇಕು ಎಂಬುದು. ಮೂರನೆಯದು ಆ ದನಿಯನ್ನು ನಿಮ್ಮ ಚರ್ಚಿನ ಗೋಡೆ, ಮಾಡು, ಕಿಟಕಿಗಳಿಗೆ ಹೊಂದಿಸುವುದು. ಇದಕ್ಕೆ ವಾಯ್ಸಿಂಗ್ ಎನ್ನುತ್ತಾರೆ. ಮೊದಲಿನ ಎರಡಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಕೊಟ್ಟ ದುಡ್ಡಿಗೆ ಬೆಲೆ ಬರುವುದು ಮೂರನೆಯದರಲ್ಲಿ.

ಏಕೆಂದು ನಿಮ್ಮ ಅಳತೆಯಲ್ಲೇ ನೋಡೋಣ. ಒಳಗಿನ ಘನ ಅಳತೆ 2,400 ಘನ ಮೀಟರ್. ದನಿ ನಿಂತ ಮೇಲೆ ಅದರ ಮೊಳಗು 60 ಡೆಸಿಬಲ್ ಇಳಿಯಲು ಬೇಕಾದ ಹೊತ್ತು ಎಷ್ಟೆಂದು ತಿಳಿಯಲು 0.161ನ್ನು ಘನ ಅಳತೆಯಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಬೇಕು. ಗಾರೆ ಗೋಡೆ, ಕಲ್ಲಿನ ನೆಲ, ಕಾಂಕ್ರೀಟ್ ಚಾವಣಿ ಎಲ್ಲ ಸೇರಿ ಸುಮಾರು 1,190 ಚದರ ಮೀಟರ್. ಬಿದ್ದ ದನಿಯಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ 36. ಕೂತ 300 ಜನ, ತಲೆಗೆ 0.45ರಂತೆ, 135. ಕೂಡಿದರೆ 171. ಭಾಗಿಸಿದರೆ 2.3 ಸೆಕೆಂಡ್ ಬರುತ್ತದೆ. ಆರ್ಗನ್ನಿಗೆ ಇದು ಒಳ್ಳೆಯ ಅಳತೆ. ಆದರೆ ನಮ್ಮ ಕಡೆ ಯಾವ ಚರ್ಚಿನಲ್ಲಿ ಕಿಟಕಿ ಮುಚ್ಚಿ ಆರಾಧನೆ ಮಾಡುತ್ತಾರೆ? ತೆರೆದ ಕಿಟಕಿಗೆ ಬಿದ್ದ ದನಿ ಪೂರ್ತಿ ಹೊರಗೇ ಹೋಯಿತು. ಅಲ್ಲಿ ನೂರಕ್ಕೆ ನೂರು ಹೀರಿಕೆ. ಒಂದು ಚದರ ಮೀಟರ್ ಕಿಟಕಿ ಇಬ್ಬರು ಮನುಷ್ಯರಿಗಿಂತ ಹೆಚ್ಚು. ಕಿಟಕಿ ಬಾಗಿಲು ಸೇರಿ 40 ಚದರ ಮೀಟರ್ ತೆರೆದಿದ್ದರೆ ಒಟ್ಟು 211, ಮೊಳಗು 1.8 ಸೆಕೆಂಡಿಗೆ ಇಳಿಯುತ್ತದೆ. ಅದೇ ಖಾಲಿ ಚರ್ಚಿನಲ್ಲಿ ಕಿಟಕಿ ಮುಚ್ಚಿದರೆ, ಬೆಂಚುಗಳನ್ನು ಲೆಕ್ಕಕ್ಕೆ ಹಿಡಿದರೂ, ಮೊಳಗು ದುಪ್ಪಟ್ಟಿಗಿಂತ ಹೆಚ್ಚು.

ಮಂಗಳವಾರ ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಕೂತು ವಾಯ್ಸಿಂಗ್ ಮುಗಿಸಿ ಹೋದ ಆರ್ಗನ್ ಭಾನುವಾರ ಬಡಕಲಾಗಿ ಕೇಳುವುದು ಇದಕ್ಕೇ. ಅದರಲ್ಲೂ ಜನ ಎತ್ತರದ ಸ್ವರಗಳನ್ನು ಹೆಚ್ಚು ನುಂಗುತ್ತಾರೆ. ಆದ್ದರಿಂದ ಕರಾರಿನಲ್ಲೇ ಬರೆಸಿ: ಮೊದಲ ವಾಯ್ಸಿಂಗ್ ಖಾಲಿ ಚರ್ಚಿನಲ್ಲಿ ಎರಡರಿಂದ ಮೂರು ದಿನ; ನಂತರ ಒಂದು ಭಾನುವಾರದ ಆರಾಧನೆ ಪೂರ್ತಿ ಆ ಕೆಲಸಗಾರರು ಬೆಂಚಿನಲ್ಲಿ ಕೂತು ಕೇಳಬೇಕು, ಕಿಟಕಿ ತೆರೆದು, ಫ್ಯಾನು ತಿರುಗುತ್ತಿರುವಾಗಲೇ; ಮರುದಿನ ತಿದ್ದುಪಡಿ. 26 ಸ್ಟಾಪ್‌ಗಳ ಆರ್ಗನ್ ಎಂದರೆ ಒಂದೂವರೆ ಸಾವಿರದಷ್ಟು ಸ್ವರಗಳು. ಒಂದೊಂದಕ್ಕೂ ಜೋರು, ಹೊಳಪು, ಸ್ವರ ಹೊರಡುವಾಗಿನ ‘ಛಫ್’ ಸದ್ದು ಇವನ್ನು ಬೇರೆ ಬೇರೆಯಾಗಿ ತಿದ್ದಲು ಬರಬೇಕು. ‘ಬಾಸ್, ಟ್ರೆಬಲ್ ಸರಿ ಮಾಡಿ ಕೊಡುತ್ತೇವೆ’ ಎನ್ನುವವರು ವಾಯ್ಸಿಂಗ್ ಮಾಡುತ್ತಿಲ್ಲ.

ಕೆಲಸದ ಕ್ರಮವೂ ನಿಮಗೆ ಗೊತ್ತಿರಲಿ. ಮೊದಲು ಗ್ರೇಟ್ ಸಾಲಿನ (ಕೈಯ ಕೀ ಸಾಲುಗಳಲ್ಲಿ ಮುಖ್ಯವಾದದ್ದು) 8 ಅಡಿಯ ಓಪನ್ ಡಯಾಪೇಸನ್ ಎಂಬ ಮೂಲ ದನಿಯ ಸ್ಟಾಪ್ ಒಂದನ್ನೇ ಎಳೆದು (ಅಡಿಯ ಲೆಕ್ಕ ಮುಂದಿನ ಉತ್ತರದಲ್ಲಿದೆ), ಸಭೆ ಹಾಡುವ ಮಟ್ಟಕ್ಕೆ ಅದನ್ನು ನಿಲ್ಲಿಸಬೇಕು. ಅದರ ಮೇಲೆ 4 ಅಡಿ, 2 ಅಡಿ, ಮಿಕ್ಸ್ಚರ್ (ಒಂದು ಕೀಗೆ ಎತ್ತರದ ಹಲವು ಕೊಳವೆ ನುಡಿಸುವ ಸ್ಟಾಪ್). ಆಮೇಲೆ ಫ್ಲೂಟುಗಳು, ತಂತಿ ದನಿಗಳು, ಕೊನೆಗೆ ರೀಡುಗಳು (ಟ್ರಂಪೆಟ್, ಓಬೋ ಬಗೆಯವು) ಮತ್ತು ಪೆಡಲ್. ಈ ಅಡಿಪಾಯದ ಸ್ಟಾಪ್ ತಪ್ಪಿದರೆ ಮೇಲಿನ ಯಾವುದೂ ಕೂಡಿಕೊಳ್ಳುವುದಿಲ್ಲ.

ಪ್ರಶ್ನೆ: ಎರಡು ಕಡೆಯಿಂದ ದರಪಟ್ಟಿ ಬಂದಿದೆ, ಬೆಲೆ ಹೆಚ್ಚು ಕಡಿಮೆ ಒಂದೇ. ಒಬ್ಬರು 58 ಸ್ಟಾಪ್, 4 ಆಡಿಯೋ ಚಾನೆಲ್ ಎನ್ನುತ್ತಾರೆ. ಇನ್ನೊಬ್ಬರು 26 ಸ್ಟಾಪ್, 10 ಚಾನೆಲ್. ಸಮಿತಿಯಲ್ಲಿ ಎಲ್ಲರೂ 58ರ ಕಡೆ ವಾಲಿದ್ದಾರೆ. ಸ್ಟಾಪ್ ಮುಂದೆ ಬರೆದಿರುವ 8, 4, 2 2/3 ಅಡಿ ಎಂದರೇನು ಎಂಬುದನ್ನೂ ತಿಳಿಸಿ.
ಕ್ವಾಯರ್ ಮುಖ್ಯಸ್ಥರು, ಮಂಗಳೂರು

ಉತ್ತರ: 26 ಸ್ಟಾಪಿನದನ್ನೇ ತೆಗೆದುಕೊಳ್ಳಿ.

ಅಡಿ ಎನ್ನುವುದು ಕೊಳವೆಯ ಉದ್ದ. ಕೈಯ ಕೀಗಳಲ್ಲಿ ಅತಿ ಎಡಗಡೆಯ ‘ಸಿ’ಗೆ ತೆರೆದ ಬಾಯಿಯ ಕೊಳವೆ ಸುಮಾರು 8 ಅಡಿ ಉದ್ದ ಬೇಕು, ಆಗ ಕೀ ಹೇಳುವ ಸ್ವರವೇ ಕೇಳುತ್ತದೆ. 4 ಅಡಿ ಒಂದು ಸ್ಥಾಯಿ ಮೇಲೆ, 2 ಅಡಿ ಎರಡು ಸ್ಥಾಯಿ ಮೇಲೆ, 16 ಅಡಿ ಒಂದು ಸ್ಥಾಯಿ ಕೆಳಗೆ. 2 2/3 ಅಡಿಯ ಸ್ಟಾಪ್ ‘ಸ’ ಒತ್ತಿದರೆ ಮೇಲಿನ ಸ್ಥಾಯಿಯ ‘ಪ’ ನುಡಿಯುತ್ತದೆ. ಒಂಟಿಯಾಗಿ ಅದು ಅಪಸ್ವರ. 8, 4ರ ಜೊತೆ ಸೇರಿದಾಗ ದನಿಗೆ ಬಣ್ಣ ಕೊಡುತ್ತದೆ. ಕೊಳವೆಯ ತುದಿ ಮುಚ್ಚಿದರೆ ಅರ್ಧ ಉದ್ದ ಸಾಕು. ಬೂರ್ಡನ್ ಎಂಬ ಮುಚ್ಚಿದ ಕೊಳವೆಯ ಸ್ಟಾಪ್ 16 ಅಡಿಯ ಸ್ವರ ಕೊಟ್ಟರೂ ಅಸಲು ಕೊಳವೆ 8 ಅಡಿಯದೇ. ಡಿಜಿಟಲ್ ಆರ್ಗನ್ನಿನಲ್ಲಿ ಕೊಳವೆ ಇಲ್ಲ, ಹೆಸರು ಉಳಿದಿದೆ.

300 ಜನರ ಸಭೆಗೆ ಈ ಪಟ್ಟಿ ಧಾರಾಳವಾಗಿ ಸಾಕು. ಗ್ರೇಟ್ ಸಾಲಿನಲ್ಲಿ ಓಪನ್ ಡಯಾಪೇಸನ್ 8, ಸ್ಟಾಪ್ಡ್ ಡಯಾಪೇಸನ್ 8, ಡಲ್ಸಿಯಾನ 8, ಪ್ರಿನ್ಸಿಪಲ್ 4, ಫ್ಲೂಟ್ 4, ಟ್ವೆಲ್ಫ್ತ್ 2 2/3, ಫಿಫ್ಟೀಂತ್ 2, ಮೂರು ಸಾಲಿನ ಮಿಕ್ಸ್ಚರ್, ಟ್ರಂಪೆಟ್ 8. ಸ್ವೆಲ್ ಎಂಬ ಇನ್ನೊಂದು ಕೀ ಸಾಲಿನಲ್ಲಿ ಡಯಾಪೇಸನ್ 8, ರೋರ್ ಫ್ಲೂಟ್ 8, ಸಾಲಿಶನಲ್ 8, ವಾ ಸೆಲೆಸ್ಟ್ 8, ಪ್ರಿನ್ಸಿಪಲ್ 4, ಫ್ಲೂಟ್ 4, ಫಿಫ್ಟೀಂತ್ 2, ಮೂರು ಸಾಲಿನದೇ ಮಿಕ್ಸ್ಚರ್, ಫಗೊಟ್ಟೊ 16, ಓಬೋ 8, ಟ್ರಂಪೆಟ್ 8. ಪೆಡಲಿಗೆ ಓಪನ್ 16, ಬೂರ್ಡನ್ 16, ಆಕ್ಟೇವ್ 8, ಫ್ಲೂಟ್ 8, ಕೋರಲ್ ಬಾಸ್ 4, ಟ್ರೊಂಬೋನ್ 16. ಸಾಲುಗಳನ್ನು ಬೆಸೆಯುವ ಕಪ್ಲರ್‌ಗಳು ಮೂರು: ಸ್ವೆಲ್‌ನಿಂದ ಗ್ರೇಟ್, ಸ್ವೆಲ್‌ನಿಂದ ಪೆಡಲ್, ಗ್ರೇಟ್‌ನಿಂದ ಪೆಡಲ್. ಕಪ್ಲರ್ ಬಿಟ್ಟು ಸ್ಟಾಪ್ ಒಟ್ಟು 26. ಇದರ ಮೇಲೆ ಸೇರುವ 32 ಸ್ಟಾಪ್‌ಗಳಲ್ಲಿ ಬಹುಪಾಲು ಇವುಗಳದೇ ಅಣ್ಣ ತಮ್ಮಂದಿರು.

ಚಾನೆಲ್ (ಒಂದು ಆಂಪ್ಲಿಫೈಯರ್, ಅದರ ಸ್ಪೀಕರ್ ಸೇರಿದ ದನಿಯ ದಾರಿ) ಯಾಕೆ ಹೆಚ್ಚು ಬೇಕು ಎಂಬುದನ್ನು ಸಮಿತಿಗೆ ಹೀಗೆ ವಿವರಿಸಿ. ನಿಜವಾದ ಕೊಳವೆಗಳು ಒಂದೊಂದೂ ಬೇರೆ ಬೇರೆ ಜಾಗದಲ್ಲಿ ನಿಂತು ನುಡಿಯುತ್ತವೆ, ದನಿಗಳು ಗಾಳಿಯಲ್ಲಿ ಕೂಡುತ್ತವೆ. ಡಿಜಿಟಲ್ ಆರ್ಗನ್ನಿನಲ್ಲಿ ಅವೆಲ್ಲ ಕೆಲವೇ ಸ್ಪೀಕರಿನ ಮೂಲಕ ಹೊರಬರಬೇಕು. ಆರು ಬೆರಳಿನ ಒಂದು ಸ್ವರಮೇಳ ಹಿಡಿದು, ಮೇಲಿನ ಪಟ್ಟಿಯಲ್ಲಿ ಸೆಲೆಸ್ಟ್ ಒಂದನ್ನು ಬಿಟ್ಟು ಎಲ್ಲವನ್ನೂ ಎಳೆದು ಸ್ವೆಲ್ಲನ್ನು ಗ್ರೇಟಿಗೆ ಬೆಸೆದರೆ, ಒಂದು ಕೀಗೆ ಗ್ರೇಟಿನ 11, ಸ್ವೆಲ್ಲಿನ 12, ಒಟ್ಟು 23 ಕೊಳವೆ. ಆರು ಕೀಗೆ 138. ಕಾಲಿನ ಒಂದು ಸ್ವರಕ್ಕೆ ಪೆಡಲಿನ 6 ಮತ್ತು ಬೆಸೆದ 23. ಕೂಡಿ 167. ಮುಂದಿನ ಸ್ವರಮೇಳಕ್ಕೆ ಕೈ ಜಾರಿಸಿದ ಗಳಿಗೆಯಲ್ಲಿ ಹಿಂದಿನ 167ರ ಬಾಲವೂ ಇನ್ನೂ ಮೊಳಗುತ್ತಿರುತ್ತದೆ, ಅಂದರೆ 334. ಇಷ್ಟನ್ನು ನಾಲ್ಕು ಸ್ಪೀಕರ್ ಕೋನುಗಳ (ಅಲುಗಿ ದನಿ ಹೊಮ್ಮಿಸುವ ಭಾಗ) ಮೇಲೆ ಹೇರಿದರೆ ದಪ್ಪ ಸ್ವರಕ್ಕೆ ಹಿಂದೆ ಮುಂದೆ ಓಡಾಡುವ ಕೋನು ತನ್ನ ಮೇಲಿರುವ ಸಣ್ಣ ಸ್ವರವನ್ನೂ ಅಲುಗಾಡಿಸುತ್ತದೆ. ಎಲ್ಲ ಸೇರಿ ಗಂಜಿಯಾಗುತ್ತದೆ.

ಹತ್ತು ಚಾನೆಲ್ಲನ್ನು ಹೀಗೆ ಹಂಚಿಸಿ: ಗ್ರೇಟಿನ ಡಯಾಪೇಸನ್ ಬಳಗಕ್ಕೆ ಎರಡು, ಗ್ರೇಟಿನ ಫ್ಲೂಟು ಮತ್ತು ರೀಡಿಗೆ ಎರಡು, ಸ್ವೆಲ್‌ಗೆ ಹಾಗೆಯೇ ಎರಡು ಮತ್ತು ಎರಡು, ಪೆಡಲಿಗೆ ಎರಡು. ಪ್ರತಿ ಜೋಡಿಯಲ್ಲಿ ಸ್ವರಗಳು ಒಂದು ಬಿಟ್ಟು ಒಂದು ಎಡಬಲ ಹೋಗಬೇಕು: ಸಿ, ಡಿ, ಇ, ಎಫ್ ಶಾರ್ಪ್ ಒಂದು ಕಡೆ, ಸಿ ಶಾರ್ಪ್, ಡಿ ಶಾರ್ಪ್, ಎಫ್, ಜಿ ಇನ್ನೊಂದು ಕಡೆ. ಪೈಪ್ ಆರ್ಗನ್ನಿನ ಪೆಟ್ಟಿಗೆಯಲ್ಲೂ ಕೊಳವೆ ಜೋಡಿಸುವ ರೂಢಿ ಇದೇ. ಪಕ್ಕಪಕ್ಕದ ಸ್ವರಗಳು ಒಂದೇ ಕೋನಿನಲ್ಲಿ ಬಡಿದಾಡುವುದು ತಪ್ಪುತ್ತದೆ. ವಾ ಸೆಲೆಸ್ಟ್‌ಗೂ ಇದು ಮುಖ್ಯ. ಅದನ್ನು ಬೇಕೆಂದೇ ತುಸು ಏರು ಶ್ರುತಿಯಲ್ಲಿ ಇಟ್ಟಿರುತ್ತಾರೆ. ಸಾಲಿಶನಲ್ ಒಂದು ಸ್ಪೀಕರಿನಲ್ಲಿ, ಸೆಲೆಸ್ಟ್ ಇನ್ನೊಂದರಲ್ಲಿ ಬಂದರೆ ಅಲೆ ಚರ್ಚಿನ ತುಂಬ ತೇಲುತ್ತದೆ. ಒಂದರಲ್ಲೇ ಬಂದರೆ ದನಿ ಬರಿದೆ ಹೊಯ್ದಾಡುತ್ತದೆ.

ಮಾರುವವರ ಕಡೆ ಹೋದಾಗ ಮಾಡಬೇಕಾದ ಒಂದು ಪರೀಕ್ಷೆ: ಪೆಡಲಿನ ಅತಿ ಕೆಳಗಿನ ಸಿ ಒತ್ತಿ ಹಿಡಿಯಿರಿ, ಎಲ್ಲ 16 ಅಡಿ ಸ್ಟಾಪ್ ಎಳೆದು. ಬಲಗೈಯಲ್ಲಿ ಮೇಲಿನ ಸ್ಥಾಯಿಯ ಮೂರು ಸ್ವರ, 4 ಅಡಿಯ ಫ್ಲೂಟ್ ಒಂದರಲ್ಲಿ. ಫ್ಲೂಟಿನ ದನಿ ನಡುಗಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಆರ್ಗನ್ ಹಿಂದಿನ ಅಟ್ಟದಲ್ಲಿ ಬರುತ್ತದೆ. ಸ್ಪೀಕರುಗಳನ್ನು ಕಂಬ ಕಂಬಕ್ಕೆ ಹಾಕಿಸಿದರೆ ಎಲ್ಲರಿಗೂ ಸಮನಾಗಿ ಕೇಳುವುದಿಲ್ಲವೇ? ಪೆಡಲ್ ದನಿಗೆ ಈಗಿರುವ ಪಿಎ ಬಾಕ್ಸ್ (ಮೈಕ್‌ಸೆಟ್ಟಿನ ಸ್ಪೀಕರ್) ಸಾಕೇ?
ಮೈಸೂರು

ಉತ್ತರ: ಕಂಬಕ್ಕೆ ಬೇಡ. ದನಿ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. 25 ಮೀಟರ್ ಆಚೆ ಕಂಬದ ಸ್ಪೀಕರಿನ ಪಕ್ಕ ಕೂತವರು ತಕ್ಷಣ ಕೇಳಿ ಹಾಡಿದರೂ ಅವರ ಹಾಡು ಅಟ್ಟಕ್ಕೆ ತಲುಪುವಾಗ 70 ಮಿಲಿಸೆಕೆಂಡ್ ದಾಟಿರುತ್ತದೆ. ನಡುವೆ ಕೂತವರಿಗೆ ಹಿಂದಿನದೊಂದು, ಮುಂದಿನದೊಂದು, ಪಕ್ಕದ್ದೊಂದು ಎಂದು ಮೂರು ಹೊತ್ತಿನಲ್ಲಿ ಒಂದೇ ಸ್ವರ ಕೇಳುತ್ತದೆ. ಸಭೆ ಹಾಡನ್ನು ಎಳೆಯತೊಡಗುತ್ತದೆ, ಆರ್ಗನ್ ನುಡಿಸುವವರು ಅವರಿಗಾಗಿ ಕಾಯತೊಡಗುತ್ತಾರೆ. ಮೂರನೆಯ ಚರಣದ ಹೊತ್ತಿಗೆ ಲಯವೇ ಉಳಿಯುವುದಿಲ್ಲ. ಸ್ಪೀಕರುಗಳೆಲ್ಲ ಒಂದೇ ಕಡೆ ಇರಲಿ: ಅಟ್ಟದಲ್ಲೇ, ನುಡಿಸುವವರ ತಲೆಗಿಂತ ಮೇಲೆ, ಚರ್ಚಿನ ಉದ್ದಕ್ಕೆ ಮುಖ ಮಾಡಿ. ಕ್ವಾಯರೂ ಅಲ್ಲೇ ನಿಲ್ಲಲಿ.

ಪಿಎ ಬಾಕ್ಸ್ ಸಾಲದು. 16 ಅಡಿಯ ಕೆಳಗಿನ ಸಿ 32.7 ಹರ್ಟ್ಝ್, ಸಾಧಾರಣ ಪಿಎ ಬಾಕ್ಸುಗಳ ದನಿ 50, 60ರ ಕೆಳಗೆ ಇಳಿದುಹೋಗುತ್ತದೆ. ಆಗ ನಿಮಗೆ ಕೇಳುವುದು ಆ ಸ್ವರದ ಮೇಲಿನ ಅಂಶಗಳಷ್ಟೇ, ಬುಡವಿಲ್ಲದ ದನಿ. ಒಂದು ಸ್ಥಾಯಿ ಕೆಳಗೆ ಹೋದರೆ ಅಷ್ಟೇ ಜೋರಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಹಾಗಾಗಿ ಪೆಡಲಿಗೆ 25 ಅಥವಾ 30 ಹರ್ಟ್ಝ್‌ವರೆಗೆ ಇಳಿಯುವ ಪ್ರತ್ಯೇಕ ಸಬ್‌ವೂಫರ್ ಎರಡು ಬೇಕು. 32 ಅಡಿಯ ಸ್ಟಾಪ್ ಬೇಕೆಂದು ಆಸೆ ಪಡಬೇಡಿ. ಅದಕ್ಕೆ 16 ಹರ್ಟ್ಝ್‌ವರೆಗೆ ಇಳಿಯಬೇಕು, ಬೇರೆಯದೇ ಖರ್ಚು, ಹಳೆಯ ಕಿಟಕಿ ಗಾಜುಗಳು ಗಡಗಡ ಅನ್ನುತ್ತವೆ.

ಸಬ್‌ವೂಫರ್ ಇಡುವ ಜಾಗ ಅಳೆದು ಗೊತ್ತು ಮಾಡಬೇಕು. ಆ ಕೆಳಗಿನ ಸಿ ಸ್ವರದ ಅಲೆ ಹತ್ತೂವರೆ ಮೀಟರ್ ಉದ್ದ. ಚರ್ಚಿನ ಅಗಲವೂ ಹತ್ತೂವರೆ ಮೀಟರ್ ಆಗಿದ್ದರೆ ಆ ಒಂದು ಸ್ವರ ಎರಡೂ ಗೋಡೆಯ ಬುಡದಲ್ಲಿ, ನಡುದಾರಿಯಲ್ಲಿ ಗುಡುಗುತ್ತದೆ. ಗೋಡೆಯಿಂದ ಕಾಲು ಭಾಗ ಒಳಗೆ ಕೂತವರಿಗೆ ಕೇಳುವುದೇ ಇಲ್ಲ. ಪೆಡಲಿನ ಸ್ವರಗಳನ್ನು ಒಂದೊಂದಾಗಿ ಒತ್ತಿಸಿ ನೀವು ಬೆಂಚಿನಿಂದ ಬೆಂಚಿಗೆ ನಡೆಯಿರಿ. ಗುಡುಗುವ ಸ್ವರವನ್ನು ವಾಯ್ಸಿಂಗಿನಲ್ಲಿ ತಗ್ಗಿಸಬಹುದು. ಸತ್ತ ಜಾಗ ಸಿಕ್ಕರೆ ಒಂದು ಸಬ್‌ವೂಫರನ್ನು ಗೋಡೆಯ ಮೂಲೆಯಿಂದ ಸರಿಸಿ ಮತ್ತೆ ನಡೆಯಿರಿ.

ಪ್ರಶ್ನೆ: ನಮ್ಮ ಚರ್ಚು ಕಡಲಿನಿಂದ ಅರ್ಧ ಕಿಲೋಮೀಟರ್. ಹಂಚಿನ ಮಾಡು. ಹಿಂದೆ ಇದ್ದ ಎಲೆಕ್ಟ್ರಾನಿಕ್ ವಾದ್ಯ ಎರಡೇ ಮಳೆಗಾಲದಲ್ಲಿ ಹಾಳಾಯಿತು. ಇಲಿ, ಗೆದ್ದಲು, ಸಿಡಿಲು ಎಲ್ಲವೂ ಇದೆ. ಏನು ಮಾಡಬೇಕು?
ಕುಂದಾಪುರ

ಉತ್ತರ: ಕನ್ಸೋಲಿನ ಮರದಿಂದ ಶುರು ಮಾಡಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಒಂದು ಮಳೆಗಾಲಕ್ಕೆ ಅಂಚು ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ಐಎಸ್ 710 ಗುರುತಿನ ಬಿಡಬ್ಲ್ಯೂಪಿ (ಕುದಿವ ನೀರಿಗೂ ಬಿಡದ) ಪ್ಲೈವುಡ್, ಚೌಕಟ್ಟಿಗೆ ಸಾಗುವಾನಿ. ಒಳಮೈಗೂ, ಕಾಣದ ಅಂಚಿಗೂ ಪಾಲಿಶ್ ಆಗಬೇಕು. ನೀರು ಕುಡಿಯುವುದು ಆ ಕಾಣದ ಅಂಚೇ. ಇಡೀ ಕನ್ಸೋಲ್ ನೆಲದಿಂದ ಎರಡಿಂಚು ಎತ್ತರದ ಕಲ್ಲಿನ ಕಟ್ಟೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ನಿಲ್ಲಲಿ; ಗೆದ್ದಲಿನ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ.

ಕೀಗಳ ಅಡಿಯಲ್ಲಿ ರಬ್ಬರ್ ಗುಂಡಿಯ ಸಂಪರ್ಕ ಇದೆಯೋ, ಅಯಸ್ಕಾಂತದಿಂದ ಅಥವಾ ಬೆಳಕಿನಿಂದ ಕೆಲಸ ಮಾಡುವ ಸೆನ್ಸರ್ ಇದೆಯೋ ಕೇಳಿ. ಉಪ್ಪುಗಾಳಿಯಲ್ಲಿ ರಬ್ಬರ್ ಸಂಪರ್ಕದ ಮೇಲೆ ಪೊರೆ ಕಟ್ಟುತ್ತದೆ, ಕೀ ಒತ್ತಿದರೂ ಸ್ವರ ಬರುವುದಿಲ್ಲ, ಎರಡನೆಯ ಸಲ ಒತ್ತಿದರೆ ಬರುತ್ತದೆ. ನಿಮ್ಮ ಹಳೆಯ ವಾದ್ಯದ ಕಾಯಿಲೆ ಬಹುಶಃ ಇದೇ. ಮುಟ್ಟದೆ ಕೆಲಸ ಮಾಡುವ ಸೆನ್ಸರ್ ನಿಮಗೆ ಸರಿ.

ತೇವಕ್ಕೆ ಅಗ್ಗದ ಮದ್ದು ಶಾಖ. ಹೊರಗೆ 28 ಡಿಗ್ರಿ, ನೂರಕ್ಕೆ 90 ತೇವ ಇರುವಾಗ ಕನ್ಸೋಲಿನ ಒಳಗಿನ ಗಾಳಿ 33 ಡಿಗ್ರಿಗೆ ಬೆಚ್ಚಗಾದರೆ ತೇವ 68ಕ್ಕೆ ಇಳಿಯುತ್ತದೆ. ಪಿಯಾನೋಗೆ ಹಾಕುವಂಥ ಸಣ್ಣ ಶಾಖದ ಸರಳು ಒಂದನ್ನು, ಮಿತಿ ಮೀರದಂತೆ ಥರ್ಮೋಸ್ಟಾಟ್ ಸಹಿತ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಗಲಿರುಳು ಉರಿಸಿ. ಸ್ಪೀಕರಿನ ಕಾಗದದ ಕೋನೂ ತೇವಕ್ಕೆ ಮೆತ್ತಗಾಗುತ್ತದೆ. ನಿಮ್ಮ ಕಡೆಗೆ ಪಾಲಿಪ್ರೊಪಿಲಿನ್ ಕೋನು ಹೇಳಿ. ವಾರಪೂರ್ತಿ ಮುಚ್ಚಿಟ್ಟು ಭಾನುವಾರ ಮಾತ್ರ ತೆಗೆಯುವ ವಾದ್ಯ ಬೇಗ ಕೆಡುತ್ತದೆ. ಯಾರಾದರೊಬ್ಬರು ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಲಿ.

ಇಲಿಗೆ: ವೈರುಗಳೆಲ್ಲ ಕಬ್ಬಿಣದ ಕೊಳವೆಯೊಳಗೆ, ಕನ್ಸೋಲಿಗೆ ನುಗ್ಗುವ ಕಡೆ ಗ್ಲಾಂಡ್ (ವೈರಿನ ಸುತ್ತ ಬಿಗಿಯುವ ಮುಚ್ಚಳ), ಗಾಳಿಯ ಕಿಂಡಿಗಳಿಗೆಲ್ಲ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ.

ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಕರೆಂಟಿನದಷ್ಟೇ ಅಲ್ಲ, ಸ್ಪೀಕರಿಗೆ, ಇಂಟರ್ನೆಟ್ಟಿಗೆ ಹೋಗುವ ಕೇಬಲ್ಲೂ ಕೀಳಬೇಕು. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಮುಖ್ಯ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ ಹಾಕಿಸಿ. ಅರ್ತಿಂಗ್ ಗುಂಡಿ ಆರ್ಗನ್ನಿಗೂ ಚರ್ಚಿಗೂ ಒಂದಕ್ಕೊಂದು ಬೆಸೆದಿರಲಿ. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಮೀಟರ್ ಹಿಡಿದಾಗ 2 ವೋಲ್ಟ್ ದಾಟಬಾರದು. ಜನರೇಟರಿಗೆ ಕರೆಂಟು ಬದಲಾಗುವ ಆ ಎರಡು ಸೆಕೆಂಡಿನಲ್ಲಿ ಆರ್ಗನ್ ಆರಿ ಹೊತ್ತಿದರೆ, ಮತ್ತೆ ಸಿದ್ಧವಾಗಲು ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ಕನ್ಸೋಲಿಗೆ ಒಂದು ಕೆವಿಎಯ ಆನ್‌ಲೈನ್ ಯುಪಿಎಸ್ ಇಡಿ. ಚೌಕ ಅಲೆಯ ಹಳೆಯ ಇನ್ವರ್ಟರಿಗೆ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ.

ಹಂಚಿನ ಮಾಡಿನ ಬಗ್ಗೆ ಒಂದು ಮಾತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಚರ್ಚುಗಳಿಗೆಲ್ಲ ಇದೇ ಮಾಡು. ಸಂದಿಯಿಂದ ದನಿ ಸೋರುತ್ತದೆ, ದಪ್ಪ ಸ್ವರ ನಿಲ್ಲುವುದಿಲ್ಲ, ಮಳೆ ಹೊಡೆದರೆ ಮಾತೇ ಕೇಳುವುದಿಲ್ಲ. ಆರ್ಗನ್ನಿನ ಒಳಗೇ ಇರುವ ಕೃತಕ ಮೊಳಗನ್ನು ನೀವು ತುಸು ಬಳಸಬಹುದು. ಒಂದೂವರೆ ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಆರ್ಗನ್ ಒಂದು ಚರ್ಚಿನಲ್ಲಿ, ಸಭೆ ಇನ್ನೊಂದು ಚರ್ಚಿನಲ್ಲಿ ಇದ್ದ ಹಾಗೆ ಕೇಳುತ್ತದೆ.

ಪ್ರಶ್ನೆ: ನಮ್ಮಲ್ಲಿ ಕಾಲಲ್ಲಿ ನುಡಿಸಲು ಬರುವವರು ಇಲ್ಲ. ಇಬ್ಬರು ಹುಡುಗಿಯರು ಕೀಬೋರ್ಡ್ ನುಡಿಸುತ್ತಾರೆ. ಪೆಡಲ್ ಇಲ್ಲದೆ ಮಾಡಿಸಬಹುದೇ? ಕೀರ್ತನೆಗಳಿಗೆ ಶ್ರುತಿ ಇಳಿಸಬೇಕಾಗುತ್ತದೆ, ಅದಕ್ಕೆ ವ್ಯವಸ್ಥೆ ಇದೆಯೇ?
ಗದಗ

ಉತ್ತರ: ಪೆಡಲ್ ಬಿಡಬೇಡಿ. ಇಂದು ಇಲ್ಲದವರು ಮೂರು ವರ್ಷಕ್ಕೆ ಕಲಿಯುತ್ತಾರೆ. ಆಮೇಲೆ ಸೇರಿಸಲು ಕನ್ಸೋಲನ್ನೇ ಬದಲಿಸಬೇಕು. 30 ಅಥವಾ 32 ಕೀಗಳ, ತಗ್ಗಾಗಿ ಬಾಗಿ ಬೀಸಣಿಗೆಯಂತೆ ಹರಡಿದ ಪೆಡಲ್‌ಬೋರ್ಡ್ ಕಲಿಯುವವರಿಗೆ ಸುಲಭ. ಅಲ್ಲಿಯವರೆಗೆ ಬಾಸ್ ಕಪ್ಲರ್ ಇರಲಿ: ಎಡಗೈಯ ಅತಿ ಕೆಳಗಿನ ಸ್ವರವನ್ನು ಅದು ತಾನಾಗಿ ಪೆಡಲಿನ 16 ಅಡಿ ದನಿಗೂ ಕಳಿಸುತ್ತದೆ. ಹೆಡ್‌ಫೋನ್ ಕಿಂಡಿ ಇದೆಯೇ ನೋಡಿ, ಅಭ್ಯಾಸಕ್ಕೆ ಬೇಕೇ ಬೇಕು.

ಶ್ರುತಿ ಬದಲಿಸುವ ಟ್ರಾನ್ಸ್‌ಪೋಸರ್ ಹೆಚ್ಚುಕಡಿಮೆ ಎಲ್ಲ ಡಿಜಿಟಲ್ ಆರ್ಗನ್ನಿನಲ್ಲೂ ಇರುತ್ತದೆ. ಕಪ್ಪು ಎರಡರ ಹಾಡನ್ನು ಬಿಳಿ ಒಂದಕ್ಕೆ ತರಲು ಮೂರು ಹೆಜ್ಜೆ ಇಳಿಸಿದರಾಯಿತು. ಹಾಡು ಮುಗಿದ ಕೂಡಲೇ ಸೊನ್ನೆಗೆ ತರುವ ಒಂದು ಗುಂಡಿ, ಬದಲಾದಾಗ ಎದ್ದು ಕಾಣುವ ಒಂದು ದೀಪ, ಎರಡನ್ನೂ ಹೇಳಿ ಹಾಕಿಸಿ. ಹಿಂದಿನ ಹಾಡಿನ ಇಳಿಸಿದ ಶ್ರುತಿಯಲ್ಲೇ ಮುಂದಿನದನ್ನು ಎತ್ತಿಕೊಂಡರೆ ಕ್ವಾಯರಿನ ಬಾಸ್ ದನಿಯವರಿಗೆ ಇಳಿಯಲು ನೆಲವೇ ಇರುವುದಿಲ್ಲ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಿ ಆರ್ಗನ್ ಮಾಡುತ್ತಾರಂತೆ. ಅದು ಅಗ್ಗವೇ? ಬಾಳಿಕೆ ಬರುತ್ತದೆಯೇ?
ಬೆಂಗಳೂರು

ಉತ್ತರ: ದನಿಯ ಗುಣಕ್ಕೆ ಹೋಲಿಸಿದರೆ ಅಗ್ಗ ನಿಜ. ಹಾಪ್ಟ್‌ವರ್ಕ್ ಎಂಬ ತಂತ್ರಾಂಶ 2002ರಿಂದ ಬಳಕೆಯಲ್ಲಿದೆ, ಗ್ರ್ಯಾಂಡ್‌ಆರ್ಗ್ ಬಿಟ್ಟಿಯಾಗಿ ಸಿಗುತ್ತದೆ. ನಿಜವಾದ ಆರ್ಗನ್ನಿನ ಒಂದೊಂದು ಕೊಳವೆಯನ್ನೂ ಧ್ವನಿಮುದ್ರಿಸಿಟ್ಟ ಸಂಗ್ರಹಗಳನ್ನು ಇವು ನುಡಿಸುತ್ತವೆ. ಹೆಚ್ಚಿನವರು ಎಡವುವುದು ಸಂಗ್ರಹದ ಆಯ್ಕೆಯಲ್ಲಿ. ದೊಡ್ಡ ಕೆಥೆಡ್ರಲ್ಲಿನ ಮೊಳಗು ಸಮೇತ ಮುದ್ರಿಸಿದ್ದು ಮನೆಯ ಹೆಡ್‌ಫೋನಿನಲ್ಲಿ ಸೊಗಸಾಗಿ ಕೇಳುತ್ತದೆ. ಅದನ್ನೇ ನಿಮ್ಮ ಚರ್ಚಿನಲ್ಲಿ ನುಡಿಸಿದರೆ ಆ ಕೆಥೆಡ್ರಲ್ಲಿನ ಮೊಳಗಿನ ಮೇಲೆ ನಿಮ್ಮ ಗೋಡೆಯ ಮೊಳಗು. ಕೊಳವೆಯ ಹತ್ತಿರ ಮೈಕ್ ಇಟ್ಟು ಮುದ್ರಿಸಿದ, ಮೊಳಗಿಲ್ಲದ ಸಂಗ್ರಹವೇ ಚರ್ಚಿಗೆ ಬೇಕಾದದ್ದು.

ಕಂಪ್ಯೂಟರಿನ ಅಪ್‌ಡೇಟ್, ಇಂಟರ್ನೆಟ್, ವೈರಸ್ ಸ್ಕ್ಯಾನ್ ಎಲ್ಲವೂ ಕಡಿದಿರಬೇಕು. ಕೀ ಒತ್ತಿದಲ್ಲಿಂದ ಸ್ವರ ಹೊರಡುವ ತನಕ 10 ಮಿಲಿಸೆಕೆಂಡ್ ಒಳಗೆ ಇರಲಿ. ಇಡೀ ಡಿಸ್ಕಿನ ನಕಲು ಇನ್ನೊಂದು ಎಸ್‌ಎಸ್‌ಡಿಯಲ್ಲಿ ಬೀರುವಿನೊಳಗೆ ಇರಲಿ, ಅದನ್ನು ಬದಲಾಯಿಸಲು ಸಭೆಯಲ್ಲಿ ಇಬ್ಬರಿಗೆ ಬರಲಿ. ಒಬ್ಬರಿಗೆ ಮಾತ್ರ ಗೊತ್ತಿದ್ದು ಅವರು ಕೆಲಸಕ್ಕೆ ಬೇರೆ ಊರಿಗೆ ಹೋದರೆ ಆರ್ಗನ್ ಮೂಕ. ಅಂಥ ಇಬ್ಬರು ಇಲ್ಲವೆಂದಾದರೆ ಕಾರ್ಖಾನೆಯಲ್ಲೇ ತಯಾರಾದುದನ್ನು ಕೊಳ್ಳಿ.

ಪ್ರಶ್ನೆ: ಡಿಜಿಟಲ್ ಜೊತೆ ನಾಲ್ಕು ಸಾಲು ನಿಜವಾದ ಕೊಳವೆ ಸೇರಿಸಿ ಕೊಡುತ್ತೇವೆ ಎನ್ನುತ್ತಾರೆ. ಒಳ್ಳೆಯದೇ?
ಬೆಂಗಳೂರು

ಉತ್ತರ: ಕೇಳಲು ಚೆಂದ, ಶ್ರುತಿಯಲ್ಲಿ ಇಡುವುದು ಕಷ್ಟ. ಕೊಳವೆಯ ಸ್ವರ ಪ್ರತಿ ಡಿಗ್ರಿಗೆ ಸುಮಾರು 3 ಸೆಂಟ್ ಏರುತ್ತದೆ. ಒಂದು ಅರೆಸ್ವರ ಎಂದರೆ 100 ಸೆಂಟ್. ಬೆಳಿಗ್ಗೆ 18 ಡಿಗ್ರಿ, ಮಧ್ಯಾಹ್ನ 28 ಎಂದರೆ 29 ಸೆಂಟ್. 440 ಹರ್ಟ್ಝ್ ಇದ್ದ ‘ಎ’ 447 ದಾಟುತ್ತದೆ. ಡಿಜಿಟಲ್ ಸ್ವರ ಇದ್ದಲ್ಲೇ ಇರುತ್ತದೆ. ಕೊಳವೆಪೆಟ್ಟಿಗೆಯೊಳಗೆ ತಾಪಮಾನ ಅಳೆದು ಡಿಜಿಟಲ್ ಶ್ರುತಿಯನ್ನು ತಾನಾಗಿ ಹೊಂದಿಸುವ ವ್ಯವಸ್ಥೆ ಇದ್ದರೆ ಮಾತ್ರ ಒಪ್ಪಿ. ಹಾಗಿದ್ದರೂ ಕೊಳವೆಯಲ್ಲಿ ರೀಡ್ ಬೇಡ, ಡಯಾಪೇಸನ್ ಮತ್ತು ಫ್ಲೂಟ್ ಸಾಕು. ರೀಡುಗಳು ತಾಪಕ್ಕೆ ಉಳಿದ ಕೊಳವೆಗಳ ಹಾಗೆ ಜಗ್ಗುವುದಿಲ್ಲ.

ಪ್ರಶ್ನೆ: ಕಥೋಲಿಕ ಚರ್ಚಿನಲ್ಲಿ ಪೈಪ್ ಆರ್ಗನ್ನಿಗೇ ಸ್ಥಾನವೆಂದು ಓದಿದ್ದೇನೆ. ಡಿಜಿಟಲ್ ಬಳಸಬಹುದೇ?
ಶಿರ್ವ

ಉತ್ತರ: 1963ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಶಾಸನ, 120ನೆಯ ವಿಧಿಯಲ್ಲಿ, ಪೈಪ್ ಆರ್ಗನ್ನಿಗೆ ಹಿರಿಯ ಗೌರವ ಕೊಡಬೇಕೆಂದು ಹೇಳುತ್ತದೆ. ಉಳಿದ ವಾದ್ಯಗಳನ್ನೂ ಆಯಾ ಪ್ರದೇಶದ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದು ಅದೇ ವಿಧಿಯಲ್ಲಿದೆ. ಧರ್ಮಗುರುಗಳ ಮೂಲಕ ಧರ್ಮಪ್ರಾಂತ್ಯಕ್ಕೆ ಬರೆದು ಒಪ್ಪಿಗೆಯ ಪತ್ರ ತರಿಸಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮೂರಿನವರು ದುಬೈ, ಲಂಡನ್‌ಗಳಲ್ಲಿ ಇದ್ದಾರೆ. ದುಡ್ಡು ಕಳಿಸುತ್ತೇವೆ, ಇಲ್ಲವೇ ಅಲ್ಲೇ ಆರ್ಗನ್ ಕೊಂಡು ಹಡಗಿಗೆ ಹಾಕುತ್ತೇವೆ ಎನ್ನುತ್ತಾರೆ. ತೊಂದರೆ ಇದೆಯೇ?
ಬಂಟ್ವಾಳ

ಉತ್ತರ: ಕಳಿಸುವವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬ್ರಿಟನ್ ಪೌರತ್ವ ಪಡೆದವರು, ಒಸಿಐ (ಭಾರತೀಯ ಮೂಲದ ವಿದೇಶಿ ಪೌರರ) ಕಾರ್ಡ್ ಇದ್ದರೂ, ಕಳಿಸಿದ್ದು ಆಗುತ್ತದೆ. ಅದಕ್ಕೆ ಚರ್ಚಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, 2020ರ ತಿದ್ದುಪಡಿಯ ಮೇಲೆ ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ವಸ್ತುವಿನ ರೂಪದಲ್ಲಿ ಕೊಟ್ಟರೂ ಕಾನೂನು ಅದೇ. ಮೊದಲು ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳಿ, ಆಮೇಲೆ ಮುಂಗಡ ಕೊಡಿ.

ಆಮದಿನ ದರಪಟ್ಟಿ ‘ಚರ್ಚಿನ ಅಟ್ಟಕ್ಕೆ ತಲುಪಿಸಿ’ ಎಂದೇ ಇರಲಿ: ಹಡಗಿನ ಬಾಡಿಗೆ, ವಿಮೆ, 9207 ಶೀರ್ಷಿಕೆಯ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕ್ಲಿಯರಿಂಗ್ ಏಜೆಂಟರ ಶುಲ್ಕ, ಲಾರಿ, ಹಮಾಲಿ ಎಲ್ಲ ಸೇರಿ. ಎರಡು ಸಾಲು ಕೀಗಳ ಕನ್ಸೋಲ್ ಸುಮಾರು ಒಂದೂವರೆ ಮೀಟರ್ ಅಗಲ, ಭಾರ ನೂರು ಕಿಲೋ ದಾಟುತ್ತದೆ; ಅಟ್ಟದ ಸುತ್ತುಮೆಟ್ಟಿಲಿನ ಅಗಲವನ್ನು ಆರ್ಡರ್ ಕೊಡುವ ಮೊದಲೇ ಅಳೆಯಿರಿ. ಅಮೆರಿಕದಿಂದ ಬರುವ ಹಳೆಯದಾದರೆ ಅದು 230 ವೋಲ್ಟಿಗೆ ಬದಲಿಸಲು ಬರುತ್ತದೆಯೇ ಎಂದು ಹಿಂಬದಿಯ ಪಟ್ಟಿಯ ಫೋಟೋ ತರಿಸಿ ನೋಡಿ.

ಪ್ರಶ್ನೆ: ಮಿಶನ್ ಕಾಲದ, ಕಾಲಲ್ಲಿ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್ ಇದೆ. ಅದರ ಪೆಟ್ಟಿಗೆಯೊಳಗೇ ಡಿಜಿಟಲ್ ಕೂರಿಸಬಹುದೇ?
ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ. ತಿದಿಯ ಬಟ್ಟೆ ಹರಿದಿದ್ದರೆ ಬದಲಿಸಬಹುದು, ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಎಳೆದು ಮೆತ್ತನೆಯ ಬ್ರಷ್ಷಿನಿಂದ ಒರೆಸಿದರೆ ಮೂಕ ಸ್ವರಗಳಲ್ಲಿ ಹೆಚ್ಚಿನವು ಎದ್ದು ಬರುತ್ತವೆ. ಒಳ್ಳೆಯ ಹಾರ್ಮೋನಿಯಂ ರಿಪೇರಿಯವರಿಗೆ ಈ ಕೆಲಸ ಗೊತ್ತು. ಕರೆಂಟಿಲ್ಲದ ದಿನ ಅದೇ ನಿಮ್ಮ ಕೈಹಿಡಿಯುತ್ತದೆ. ಒಳಗಿನದನ್ನು ಒಮ್ಮೆ ಕಿತ್ತು ಹಾಕಿದರೆ ಮತ್ತೆ ಹುಟ್ಟದು.

ಪ್ರಶ್ನೆ: ಕರಾರು ಹೇಗಿರಬೇಕು? ಆರ್ಗನ್ ಬಂದ ದಿನ ಏನೇನು ಪರೀಕ್ಷಿಸಬೇಕು?
ಚಿಕ್ಕಮಗಳೂರು

ಉತ್ತರ: ಹಣ ನಾಲ್ಕು ಕಂತು: ಆರ್ಡರಿನ ಜೊತೆ ನೂರಕ್ಕೆ 30, ಕಾರ್ಖಾನೆಯಿಂದ ಹೊರಡುವ ಮೊದಲು 40, ವಾಯ್ಸಿಂಗ್ ಮುಗಿದ ಮೇಲೆ 15, ಮೊದಲ ಮಳೆಗಾಲ ಕಳೆದ ಮೇಲೆ 15. ಕೊನೆಯ ಕಂತಿಗೆ ಮಾರುವವರು ಗೊಣಗುತ್ತಾರೆ, ನೀವು ಬಿಟ್ಟುಕೊಡಬೇಡಿ. ಬಿಡಿಭಾಗ 15 ವರ್ಷ ಸಿಗುತ್ತದೆಂಬ ಮಾತು ಬರವಣಿಗೆಯಲ್ಲಿ ಇರಲಿ. ಒಂದು ಆಂಪ್ಲಿಫೈಯರ್, ಒಂದು ಪವರ್ ಸಪ್ಲೈ, ನಾಲ್ಕು ಕೀ ಸೆನ್ಸರ್ ಹೆಚ್ಚುವರಿಯಾಗಿ ಈಗಲೇ ಕೊಂಡಿಡಿ. ವಾಯ್ಸಿಂಗಿನ ದತ್ತಾಂಶ ಎರಡು ಪೆನ್‌ಡ್ರೈವಿನಲ್ಲಿ ನಿಮ್ಮ ಕೈಗೆ ಬರಬೇಕು. ಅದು ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ, ಒಂದು ಬೋರ್ಡ್ ಸುಟ್ಟಾಗ ಮೂರು ದಿನದ ಕೆಲಸ ಮತ್ತೆ ಮೊದಲಿನಿಂದ.

ಪರೀಕ್ಷೆಯ ದಿನ ಒಬ್ಬರು ಕೀಗಳ ಮುಂದೆ, ಇನ್ನೊಬ್ಬರು ಪೆನ್ನು ಹಿಡಿದು ಬೆಂಚಿನಲ್ಲಿ ಕೂರಲಿ. ಪ್ರತಿ ಸ್ಟಾಪ್ ಒಂದೊಂದಾಗಿ ಎಳೆದು 61 ಕೀಗಳನ್ನೂ ಕೆಳಗಿನಿಂದ ಮೇಲಕ್ಕೆ ಒತ್ತುತ್ತ ಹೋಗಿ. ಪಕ್ಕದ್ದಕ್ಕಿಂತ ಜೋರಾದದ್ದು, ಕುಗ್ಗಿದ್ದು, ತಡವಾಗಿ ಎದ್ದದ್ದು ಎಲ್ಲ ಬರೆದುಕೊಳ್ಳಿ. ಎಲ್ಲ ಸ್ಟಾಪ್ ಎಳೆದು ಎರಡೂ ಕೈಯಲ್ಲಿ ದೊಡ್ಡ ಸ್ವರಮೇಳ ಬದಲಿಸಿ; ಹಿಂದಿನ ಬಾಲ ಪಟ್ಟನೆ ಕತ್ತರಿಸಿದಂತೆ ನಿಂತರೆ ಯಂತ್ರದ ಸಾಮರ್ಥ್ಯ ಸಾಲದು. ಪಿಸ್ಟನ್ ಗುಂಡಿಗಳಲ್ಲಿ (ಎಳೆದ ಸ್ಟಾಪ್‌ಗಳನ್ನು ನೆನಪಿಡುವವು) ಐದಾರು ಜೋಡಣೆ ನೆನಪಿಗಿಟ್ಟು ಮುಖ್ಯ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ಹಾಕಿ, ಎಲ್ಲವೂ ಉಳಿದಿದೆಯೇ ನೋಡಿ.

ಕೊನೆಗೆ ಫ್ಯಾನು ಆರಿಸಿ. ಪೆಡಲಿನಲ್ಲಿ ಬೂರ್ಡನ್ 16 ಎಳೆದು ಕೆಳಗಿನ ‘ಜಿ’ ಒತ್ತಿ ಹಿಡಿಯಿರಿ. ಅದು 49 ಹರ್ಟ್ಝ್. ಅರ್ತಿಂಗ್ ಸರಿಯಿಲ್ಲದಾಗ ನುಸುಳುವ ಕರೆಂಟಿನ ಗುಂಯ್ ಸದ್ದು 50. ಎರಡೂ ಇದ್ದರೆ ಸ್ವರ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಹಾಗೇನಾದರೂ ಆದರೆ ಮೂರನೆಯ ಕಂತಿನ ಚೆಕ್ಕಿಗೆ ಇನ್ನೂ ಸಹಿ ಹಾಕಬೇಡಿ. ಎಲೆಕ್ಟ್ರಿಷಿಯನ್ನರನ್ನೂ ಆರ್ಗನ್ನಿನವರನ್ನೂ ಒಂದೇ ದಿನ ಕರೆಸಿ, ಒಂದೊಂದೇ ಕೇಬಲ್ ಕೀಳಿಸುತ್ತ ಆ ಸದ್ದು ಎಲ್ಲಿಂದ ಬರುತ್ತಿದೆಯೆಂದು ಹಿಡಿಸಿ.